ಕನಸಿಗೆ ಬಣ್ಣ ಎಲ್ಲಿಂದ ಬರುತ್ತದೆ?

ಸೈಕಾಲಜಿ ಓದುವವರಿಗೆ ನಿದ್ದೆ ಮತ್ತು ಕನಸಿನ ಅಧ್ಯಾಯ ಸುಲಭ ಅನಿಸುತ್ತದೆ. ಫ್ರಾಯ್ಡ್ ಬಗ್ಗೆ ಒಂದು ಪ್ಯಾರಾ, ರೆಮ್ ನಿದ್ದೆ ಬಗ್ಗೆ ಇನ್ನೊಂದು ಪ್ಯಾರಾ ಬರೆದು ಮುಂದಕ್ಕೆ ಹೋಗಿಬಿಡುತ್ತೇವೆ. ಆದರೆ "ಕನಸು ಕಲರ್‌ನಲ್ಲಿ ಬೀಳುತ್ತದಾ, ಬ್ಲ್ಯಾಕ್ ಅಂಡ್ ವೈಟ್‌ನಲ್ಲಾ?" ಅನ್ನುವ ಒಂದೇ ಪ್ರಶ್ನೆಯನ್ನು ಹಿಡಿದು ಹೊರಟರೆ ದೃಷ್ಟಿ, ನೆನಪು, ಕಲ್ಪನೆ, ಸಂಶೋಧನಾ ವಿಧಾನ ಎಲ್ಲವೂ ಅದರ ಹಿಂದೆಯೇ ಬರುತ್ತವೆ. ಹಾಗಾಗಿ ಈ ಟಿಪ್ಪಣಿಯನ್ನು ಆ ಪ್ರಶ್ನೆಯ ಸುತ್ತಲೇ ಬರೆದಿದ್ದೇನೆ.

ಬಣ್ಣ ಕಾಣುವುದು ಕಣ್ಣಿಗಲ್ಲ

ಕಣ್ಣಿನ ಹಿಂಭಾಗದ ಒಳಪದರವಾದ ರೆಟಿನಾದಲ್ಲಿ ಬಣ್ಣಕ್ಕೆ ಸಂಬಂಧಪಟ್ಟ ಕೋಶಗಳಿಗೆ ಕೋನ್ ಎಂದು ಹೆಸರು. ಮೂರು ಬಗೆ ಇವೆ. ಒಂದೊಂದೂ ಒಂದೊಂದು ತರಂಗಾಂತರದ ಬೆಳಕಿಗೆ ಜಾಸ್ತಿ ಸ್ಪಂದಿಸುತ್ತದೆ. ಒಂದೇ ಬಗೆಯ ಕೋನ್ ಇದ್ದರೆ ಬಣ್ಣ ಗೊತ್ತಾಗುವುದಿಲ್ಲ. ಬೇರೆ ಬೇರೆ ಬಗೆಯವು ಕಳಿಸಿದ ಸಂಕೇತಗಳನ್ನು ಹೋಲಿಸಿದಾಗಲೇ "ಇದು ಕೆಂಪು" ಎಂಬ ಅನುಭವ ಹುಟ್ಟುವುದು. ಆ ಹೋಲಿಕೆ ರೆಟಿನಾದಲ್ಲೇ ಶುರುವಾದರೂ ಮುಗಿಯುವುದು ಮಿದುಳಿನಲ್ಲಿ. ಸಂಕೇತ ಮಿದುಳಿನ ನಡುವಿನ ಥಾಲಮಸ್ ಎಂಬ ಭಾಗ ದಾಟಿ, ತಲೆಯ ಹಿಂಭಾಗದಲ್ಲಿರುವ ವಿ1 ಎಂಬ ಭಾಗಕ್ಕೆ ಬರುತ್ತದೆ. ಅಲ್ಲಿಂದ ಮುಂದಿನ ಭಾಗಗಳಿಗೆ ಹಂಚಿಹೋಗುತ್ತದೆ. ಅವುಗಳಲ್ಲಿ ವಿ4 ಎಂಬುದು ಬಣ್ಣದ ವಿಷಯದಲ್ಲಿ ಮುಖ್ಯ. 1970ರ ದಶಕದಲ್ಲಿ ಸೆಮಿರ್ ಜೆಕಿ ಕೋತಿಗಳ ಮಿದುಳಿನಲ್ಲಿ ಇದನ್ನು ಗುರುತಿಸಿದರು.

ಇದಕ್ಕೂ ಕನಸಿಗೂ ಏನು ಸಂಬಂಧ ಅಂತೀರಾ? ನರವೈದ್ಯ ಆಲಿವರ್ ಸ್ಯಾಕ್ಸ್ 1987ರಲ್ಲಿ ಬರೆದ ಒಬ್ಬ ಕಲಾವಿದರ ಪ್ರಕರಣ ನೋಡಿ. ನನ್ನ ಪ್ರಕಾರ ಇಡೀ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. 65 ವರ್ಷದ ಆ ಪೇಂಟರ್ ಕಾರು ಅಪಘಾತವಾದ ಮೇಲೆ ಬಣ್ಣಗಳನ್ನು ಪೂರ್ತಿ ಕಳೆದುಕೊಂಡರು. ಕಣ್ಣು ಸರಿಯಾಗಿಯೇ ಇತ್ತು. ಆಕಾರಗಳೂ ಚೆನ್ನಾಗಿ ಕಾಣುತ್ತಿದ್ದವು. ಆದರೆ ಟೊಮೇಟೊ ಕಪ್ಪಗೆ ಕಾಣುತ್ತಿತ್ತು. ಜನರ ಮೈ ಬೂದು ಬಣ್ಣಕ್ಕೆ ತಿರುಗಿತ್ತು. ತಟ್ಟೆಯಲ್ಲಿರುವುದನ್ನು ನೋಡಿದರೆ ಅಸಹ್ಯವಾಗಿ, ಕಣ್ಣು ಮುಚ್ಚಿಕೊಂಡು ತಿನ್ನಲು ನೋಡಿದರು. ಅದರಿಂದಲೂ ಪ್ರಯೋಜನವಾಗಲಿಲ್ಲ, ಯಾಕೆಂದರೆ ಮನಸ್ಸಿನಲ್ಲಿ ಮೂಡುವ ಟೊಮೇಟೊ ಕೂಡ ಕಪ್ಪಗೇ ಇತ್ತು! ಕೊನೆಗೆ ಕಪ್ಪು ಆಲಿವ್, ಬಿಳಿ ಅನ್ನ, ಕಪ್ಪು ಕಾಫಿ, ಮೊಸರು, ಹೀಗೆ ಮೊದಲಿನಿಂದಲೂ ಕಪ್ಪು-ಬಿಳಿ ಇರುವ ಪದಾರ್ಥಗಳ ಕಡೆಗೇ ವಾಲಿದರು. ಅವರ ಕನಸುಗಳಿಂದಲೂ ಬಣ್ಣ ಹೋಯಿತು.

ಇಲ್ಲಿ ಒಂದು ಅಂಶ ಗುರುತು ಹಾಕಿಕೊಳ್ಳಿ. ನೋಡುವುದು, ಕಲ್ಪಿಸಿಕೊಳ್ಳುವುದು, ಕನಸು ಕಾಣುವುದು ಮೂರರಲ್ಲೂ ಬಣ್ಣ ಒಟ್ಟಿಗೇ ಹೋಯಿತು. ಅಂದರೆ ಮೂರಕ್ಕೂ ಬಣ್ಣ ಒದಗಿಸುವ ಜಾಗ ಒಂದೇ ಇರಬೇಕು, ಕನಿಷ್ಠ ಅವರ ಮಟ್ಟಿಗೆ. ಇಂಥ ರೋಗಿಗಳೆಲ್ಲರಲ್ಲೂ ಮೂರೂ ಒಟ್ಟಿಗೆ ಹೋಗುವುದಿಲ್ಲ. ಬಣ್ಣ ಕಾಣದಿದ್ದರೂ ಕಲ್ಪಿಸಿಕೊಳ್ಳಬಲ್ಲವರ ಪ್ರಕರಣಗಳೂ ದಾಖಲಾಗಿವೆ. ಉತ್ತರ ಬರೆಯುವಾಗ ಈ ಮಾತನ್ನೂ ಸೇರಿಸಿ.

ಕಣ್ಣು ಮುಚ್ಚಿದಾಗ ಮಿದುಳಿನಲ್ಲಿ

ಇದು ಎಲ್ಲ ಪಠ್ಯದಲ್ಲೂ ಸಿಗುತ್ತದೆ, ಬೇಗ ಮುಗಿಸೋಣ. 1953ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ ರೆಮ್ ನಿದ್ದೆಯನ್ನು ವರದಿ ಮಾಡಿದರು. ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಪಟಪಟ ಓಡಾಡುವ ಹಂತ ಅದು. ಸುಮಾರು 90 ನಿಮಿಷಕ್ಕೊಮ್ಮೆ ಬರುತ್ತದೆ, ಬೆಳಗಿನ ಜಾವ ಹತ್ತಿರವಾದಂತೆ ಉದ್ದವಾಗುತ್ತದೆ. ಆ ಹೊತ್ತಿಗೆ ಎಬ್ಬಿಸಿದರೆ ಹೆಚ್ಚಿನವರು ಕನಸು ಹೇಳುತ್ತಾರೆ. ಹಾಗಂತ ಕನಸು ಬೀಳುವುದು ರೆಮ್‌ನಲ್ಲಿ ಮಾತ್ರ ಅಂತ ಬರೆಯಬೇಡಿ. ಉಳಿದ ಹಂತಗಳಲ್ಲೂ ಬೀಳುತ್ತವೆ ಎಂದು 1960ರ ದಶಕದಿಂದಲೇ ಗೊತ್ತಿದೆ.

ನಮಗೆ ಬೇಕಾದದ್ದು ಇದರ ಮುಂದಿನದು. 1998ರಲ್ಲಿ ಅಲೆನ್ ಬ್ರೌನ್ ಮತ್ತು ಸಂಗಡಿಗರು ಮಿದುಳಿನ ಯಾವ ಭಾಗ ಚುರುಕಾಗಿದೆ ಎಂದು ತೋರಿಸುವ ಪೆಟ್ ಸ್ಕ್ಯಾನ್‌ನಲ್ಲಿ ರೆಮ್ ನಿದ್ದೆಯ ಮಿದುಳನ್ನು ನೋಡಿದರು. ವಿ1 ತಣ್ಣಗಿತ್ತು. ಅದರ ಮುಂದಿನ, ಆಕಾರ, ಮುಖ, ವಸ್ತುಗಳನ್ನು ಗುರುತಿಸುವ ದೃಷ್ಟಿಭಾಗಗಳು ಚುರುಕಾಗಿದ್ದವು. ಹೊರಗಿನಿಂದ ಬರುವ ಬಾಗಿಲು ಮುಚ್ಚಿದೆ, ಒಳಗೆ ಮಾತ್ರ ಕೆಲಸ ನಡೆಯುತ್ತಿದೆ. ಹಣೆಯ ಹಿಂದಿನ ಭಾಗ, ಅಂದರೆ ವಿಚಾರ ಮಾಡುವ, ಲೆಕ್ಕ ಇಡುವ ಭಾಗವೂ ಮಂಕಾಗಿತ್ತು. ಸತ್ತು ಎಷ್ಟೋ ವರ್ಷವಾದ ಅಜ್ಜ ಕನಸಿನಲ್ಲಿ ಬಂದು ಕಾಫಿ ಕೇಳಿದರೂ ನಮಗೆ ಏನೂ ವಿಚಿತ್ರ ಅನಿಸುವುದಿಲ್ಲ ಅಲ್ವಾ? ಅದಕ್ಕೆ ಇದೂ ಒಂದು ಕಾರಣ ಎನ್ನುತ್ತಾರೆ.

ಸಮೀಕ್ಷೆಗಳ ಗೊಂದಲ

ಈಗ ಮುಖ್ಯ ಪ್ರಶ್ನೆಗೆ ಬರೋಣ. 1942ರಲ್ಲಿ ಮಿಡಲ್ಟನ್ ಎಂಬುವರು ಅಮೆರಿಕದ ಕಾಲೇಜು ವಿದ್ಯಾರ್ಥಿಗಳನ್ನು "ಕನಸಿನಲ್ಲಿ ಬಣ್ಣ ಕಾಣುತ್ತೀರಾ?" ಎಂದು ಕೇಳಿದರು. ಸುಮಾರು ಶೇ. 70ರಷ್ಟು ಜನ "ಅಪರೂಪ" ಅಥವಾ "ಇಲ್ಲವೇ ಇಲ್ಲ" ಎಂದರು. ಆ ಕಾಲದ ಅಮೆರಿಕದಲ್ಲಿ ಕನಸು ಕಪ್ಪು-ಬಿಳಿ ಎಂಬುದು ಸಾಮಾನ್ಯ ನಂಬಿಕೆಯಾಗಿತ್ತು.

ಸುಮಾರು 60 ವರ್ಷ ಬಿಟ್ಟು ಕ್ಯಾಲಿಫೋರ್ನಿಯಾದ ತತ್ವಶಾಸ್ತ್ರಜ್ಞ ಎರಿಕ್ ಶ್ವಿಟ್ಜ್‌ಗೆಬೆಲ್ ಅದೇ ಪ್ರಶ್ನೆಯನ್ನು ಆಗಿನ ವಿದ್ಯಾರ್ಥಿಗಳಿಗೆ ಕೇಳಿದರು. 2003ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಆ ಶೇ. 70 ಶೇ. 18ರ ಹತ್ತಿರಕ್ಕೆ ಇಳಿದಿತ್ತು. ಎರಡು ತಲೆಮಾರಿನಲ್ಲಿ ಮನುಷ್ಯರ ಮಿದುಳು ಬದಲಾಗಿಲ್ಲ. ಬದಲಾದದ್ದು ಅವರು ನೋಡುತ್ತಿದ್ದ ಸಿನಿಮಾ, ಟಿವಿ, ಫೋಟೊ.

2008ರಲ್ಲಿ ಸ್ಕಾಟ್ಲೆಂಡಿನ ಡಂಡಿ ವಿಶ್ವವಿದ್ಯಾಲಯದ ಇವಾ ಮುರ್ಜಿನ್ ಇದನ್ನು ಇನ್ನೂ ಚೊಕ್ಕವಾಗಿ ನೋಡಿದರು. 25ರೊಳಗಿನವರಿಗೆ ಕಪ್ಪು-ಬಿಳಿ ಕನಸು ಬಹಳ ಅಪರೂಪ. 55 ದಾಟಿದವರಲ್ಲಿ, ಬಾಲ್ಯದಲ್ಲಿ ಕಪ್ಪು-ಬಿಳಿ ಟಿವಿ, ಸಿನಿಮಾ ಮಾತ್ರ ನೋಡಿ ಬೆಳೆದವರಿಗೆ ಸುಮಾರು ಕಾಲು ಭಾಗ ಕನಸು ಕಪ್ಪು-ಬಿಳಿ. ಅದೇ ವಯಸ್ಸಿನವರಾದರೂ ಕಲರ್ ನೋಡಿ ಬೆಳೆದವರಲ್ಲಿ ಈ ಪ್ರಮಾಣ ತುಂಬಾ ಕಡಿಮೆ. ಹಾಗಾಗಿ ಇದು ಬರೀ ವಯಸ್ಸಿನ ಆಟ ಅಲ್ಲ.

ನಮ್ಮಲ್ಲೂ ಇದನ್ನು ಕೇಳಿ ನೋಡಬಹುದು. ಕನ್ನಡದ ಮೊದಲ ಪೂರ್ಣ ಕಲರ್ ಸಿನಿಮಾ 'ಅಮರಶಿಲ್ಪಿ ಜಕಣಾಚಾರಿ' ಬಂದದ್ದು 1964ರಲ್ಲಿ. ಅದಾದ ಮೇಲೂ ವರ್ಷಗಟ್ಟಲೆ ನಮ್ಮ ಸಿನಿಮಾಗಳು ಹೆಚ್ಚಾಗಿ ಕಪ್ಪು-ಬಿಳಿಯಲ್ಲೇ ಬರುತ್ತಿದ್ದವು. ಟಿವಿಗೆ ಕಲರ್ ಬಂದದ್ದು 1982ರಲ್ಲಿ, ದೆಹಲಿ ಏಷ್ಯನ್ ಗೇಮ್ಸ್ ನಡೆದ ವರ್ಷ. ಮನೆಯಲ್ಲಿ ಅಜ್ಜಿ-ತಾತ ಇದ್ದರೆ ಸುಮ್ನೆ ಕೇಳಿ. ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿರುವವರಿಗೆ ಇದು ಖರ್ಚಿಲ್ಲದ ದಾರಿ. ಸಿನಿಮಾ ಟೆಂಟ್ ಮುಖವನ್ನೇ ಕಾಣದೆ ಹಳ್ಳಿಯಲ್ಲಿ ಬೆಳೆದವರ ಉತ್ತರವನ್ನು ಬೇರೆಯಾಗಿ ಬರೆದಿಟ್ಟುಕೊಳ್ಳಿ. ಹೋಲಿಕೆಗೆ ಅವರೇ ಮುಖ್ಯ.

ಸರಿ, ಹಾಗಾದರೆ ಕಪ್ಪು-ಬಿಳಿ ಸಿನಿಮಾ ಕನಸನ್ನೇ ಬದಲಿಸಿತಾ? ಇಲ್ಲಾ ಕನಸಿನ ಬಗ್ಗೆ ಜನ ಹೇಳುವ ಮಾತನ್ನು ಮಾತ್ರ ಬದಲಿಸಿತಾ? ಇಲ್ಲಿ 1962ರ ಒಂದು ಪ್ರಯೋಗ ಸಹಾಯಕ್ಕೆ ಬರುತ್ತದೆ. ಕಾನ್, ಡಿಮೆಂಟ್ ಮತ್ತು ಸಂಗಡಿಗರು ಜನರನ್ನು ರೆಮ್ ನಿದ್ದೆಯಿಂದ ಎಬ್ಬಿಸಿ, ಅಲ್ಲೇ ಬಿಡಿಸಿ ಬಿಡಿಸಿ ಕೇಳಿದರು. ಶೇ. 80ಕ್ಕೂ ಹೆಚ್ಚು ಕನಸುಗಳಲ್ಲಿ ಬಣ್ಣ ಸಿಕ್ಕಿತು. ಅದೇ ದೇಶ, ಕಪ್ಪು-ಬಿಳಿ ಟಿವಿಯೇ ಹೆಚ್ಚಿದ್ದ ಕಾಲ. ಬೇರೆಯಾಗಿದ್ದದ್ದು ಕೇಳಿದ ಹೊತ್ತು ಮತ್ತು ಕೇಳಿದ ರೀತಿ. ಪ್ರಶ್ನಾವಳಿ ತುಂಬುವಾಗ ನಾವು ತಿಂಗಳುಗಳ ಕನಸನ್ನೆಲ್ಲ ಒಟ್ಟು ಮಾಡಿ ಅಂದಾಜಿನಲ್ಲಿ ಉತ್ತರ ಕೊಡುತ್ತೇವೆ. ಬಣ್ಣ ಸುಲಭವಾಗಿ ಮರೆತುಹೋಗಬಹುದಾದ ವಿವರ.

ಶ್ವಿಟ್ಜ್‌ಗೆಬೆಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಕನಸಿನಲ್ಲಿ ಎಷ್ಟೋ ವಸ್ತುಗಳಿಗೆ ಬಣ್ಣವೇ ನಿಗದಿಯಾಗಿಲ್ಲದೆ ಇರಬಹುದು ಎನ್ನುತ್ತಾರೆ. ಕತೆಯಲ್ಲಿ "ಅವಳು ಹೊಸ ಸೀರೆ ಉಟ್ಟು ಬಂದಳು" ಅಂತ ಓದುತ್ತೇವೆ. ಸೀರೆ ಯಾವ ಬಣ್ಣದ್ದು? ಬರೆದವರು ಹೇಳಿಲ್ಲ. ಹಾಗಂತ ಅದು ಕಪ್ಪು-ಬಿಳಿ ಸೀರೆಯೂ ಅಲ್ಲ. ಕಪ್ಪು-ಬಿಳಿ ಸಿನಿಮಾದ ಕಾಲದವರು ಇಂಥ ಖಾಲಿ ಜಾಗಕ್ಕೆ "ಬಣ್ಣ ಇರಲಿಲ್ಲ" ಅಂದರು, ಈಗಿನವರು "ಕಲರ್" ಅನ್ನುತ್ತಾರೆ. ನನಗೆ ಈ ವಿವರಣೆ ತುಂಬಾ ಹಿಡಿಸುತ್ತದೆ. ಆದರೆ ಇಡೀ ಕಥೆ ಇಷ್ಟೇ ಅಂತ ಒಪ್ಪಲು ಮುಂದಿನ ಪ್ರಯೋಗ ಬಿಡುವುದಿಲ್ಲ.

ಕೆಂಪು ಕನ್ನಡಕ

1978ರಲ್ಲಿ ಹೋವರ್ಡ್ ರಾಫ್‌ವಾರ್ಗ್ ತಂಡ ಕೆಲವರಿಗೆ ಕೆಂಪು ಬೆಳಕನ್ನು ಮಾತ್ರ ಒಳಗೆ ಬಿಡುವ ಕನ್ನಡಕ ಕೊಟ್ಟಿತು. ಎಚ್ಚರವಿರುವಷ್ಟು ಹೊತ್ತೂ ಅದನ್ನು ಹಾಕಿಕೊಂಡೇ ಇರಬೇಕು, ಅದೂ ದಿನಗಟ್ಟಲೆ. ರಾತ್ರಿ ಪ್ರಯೋಗಾಲಯದಲ್ಲಿ ಮಲಗಿಸಿ, ರೆಮ್ ಹಂತಗಳಲ್ಲಿ ಎಬ್ಬಿಸಿ ಕನಸು ಕೇಳಿದರು. ಕನಸುಗಳಿಗೂ ಆ ಕೆಂಪು ಛಾಯೆ ಬಂದಿತ್ತು. ಅದು ಮೊದಲು ಕಾಣಿಸಿದ್ದು ರಾತ್ರಿಯ ಆರಂಭದ ರೆಮ್ ಹಂತದಲ್ಲಿ. ದಿನ ಕಳೆದಂತೆ ನಂತರದ ಹಂತಗಳ ಕನಸಿಗೂ ಹರಡಿತು.

ಬಣ್ಣ ಅನ್ನುವುದು ಎದ್ದ ಮೇಲೆ ಹೇಳುವ ಮಾತಷ್ಟೇ ಆಗಿದ್ದರೆ ಹೀಗೆ ಹಂತ ಹಂತವಾಗಿ ಹರಡಬೇಕಾಗಿರಲಿಲ್ಲ. ಹಗಲು ನೋಡಿದ್ದು ಕನಸಿನ ಚಿತ್ರದೊಳಗೇ ಇಳಿಯುತ್ತಿದೆ ಎಂಬ ಕಡೆಗೆ ಇದು ಬೊಟ್ಟು ಮಾಡುತ್ತದೆ. ಭಾಗವಹಿಸಿದವರು ಕೆಲವೇ ಜನ, ಲೇಖಕರೇ ಇದನ್ನು ಪ್ರಾಥಮಿಕ ವರದಿ ಎಂದು ಕರೆದಿದ್ದಾರೆ. ಅಷ್ಟು ಎಚ್ಚರಿಕೆ ಇಟ್ಟುಕೊಂಡು ಉದಾಹರಿಸಿ.

ಕಲ್ಪನೆಯ ಚಿತ್ರ, ಕನಸಿನ ಚಿತ್ರ

ಈಗ ಒಂದು ಕೆಲಸ ಮಾಡಿ. ಕಣ್ಣು ಮುಚ್ಚಿ ಇವತ್ತಿನ ತಿಂಡಿ ತಟ್ಟೆ ನೆನಪಿಸಿಕೊಳ್ಳಿ. ಇಡ್ಲಿ ಎಷ್ಟಿತ್ತು? ಚಟ್ನಿ ಬಿಳಿಯಾ, ಹಸಿರಾ? ಆ ಬಣ್ಣ ನಾನು ಕೇಳುವ ಮೊದಲೇ ಚಿತ್ರದಲ್ಲಿ ಇತ್ತಾ, ಕೇಳಿದ ಮೇಲೆ ಬಂದು ಸೇರಿತಾ? ಕೊನೆಯ ಪ್ರಶ್ನೆಗೆ ಉತ್ತರಿಸುವುದು ಎಷ್ಟು ಕಷ್ಟ ನೋಡಿ.

ಬ್ರಿಟಿಷ್ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1880ರಲ್ಲಿ ಹೆಚ್ಚುಕಮ್ಮಿ ಇದನ್ನೇ ಕೇಳಿದ್ದರು: ಬೆಳಗಿನ ಉಪಾಹಾರದ ಮೇಜನ್ನು ನೆನಪಿಸಿಕೊಳ್ಳಿ, ಬೆಳಕು, ಸ್ಪಷ್ಟತೆ, ಬಣ್ಣ ಹೇಗಿದೆ ಹೇಳಿ ಎಂದು. ಕೆಲವರಿಗೆ ಕಣ್ಣೆದುರಿಗೆ ಇದ್ದ ಹಾಗೆ ಕಂಡಿತು. ಕೆಲವರಿಗೆ ಏನೂ ಕಾಣಲಿಲ್ಲ. ಏನೂ ಕಾಣದವರಿಗೆ ಎಕ್ಸೆಟರ್ ವಿಶ್ವವಿದ್ಯಾಲಯದ ಆಡಮ್ ಜೀಮನ್ 2015ರಲ್ಲಿ ಇಟ್ಟ ಹೆಸರು ಅಫ್ಯಾಂಟೇಸಿಯಾ. ಸ್ವಾರಸ್ಯ ಏನೆಂದರೆ, ಬೇಕೆಂದು ಚಿತ್ರ ತರಲಾಗದ ಇವರಲ್ಲಿ ಬಹುತೇಕರಿಗೆ ಕನಸಿನಲ್ಲಿ ಚಿತ್ರ ಬರುತ್ತದೆ! ಹಾಗಾದರೆ ಚಿತ್ರ ಕಟ್ಟುವ ಯಂತ್ರ ಅವರಲ್ಲೂ ಇದೆ. ಇಲ್ಲದಿರುವುದು ಅದನ್ನು ಬೇಕೆಂದಾಗ ಚಾಲೂ ಮಾಡುವ ದಾರಿ.

ಕಲ್ಪನೆ ಎಷ್ಟು ಮಸುಕು ಎಂದು ತೋರಿಸಿದ್ದು 1910ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪರ್ಕಿ ಎಂಬ ಸಂಶೋಧಕಿ. ಗಾಜಿನ ಪರದೆಯನ್ನು ನೋಡುತ್ತಾ ಬಾಳೆಹಣ್ಣು ಕಲ್ಪಿಸಿಕೊಳ್ಳಿ ಎಂದು ಹೇಳಿ, ಹಿಂದಿನಿಂದ ಗುಟ್ಟಾಗಿ ನಿಜವಾದ ಬಾಳೆಹಣ್ಣಿನ ಮಸುಕು ಚಿತ್ರವನ್ನು ಪರದೆಗೆ ಬಿಟ್ಟರು. ನೋಡುತ್ತಿದ್ದವರು ಅದನ್ನು ತಮ್ಮ ಕಲ್ಪನೆ ಎಂದೇ ನಂಬಿದರು. ಮಲಗಿದ ಹಣ್ಣು ಕಲ್ಪಿಸಿಕೊಳ್ಳಲು ಹೊರಟರೆ ಇದ್ಯಾಕೆ ನೆಟ್ಟಗೆ ನಿಂತಿದೆ ಅಂತ ಕೆಲವರಿಗೆ ಆಶ್ಚರ್ಯವಾಯಿತಂತೆ. ಆಗಲೂ ಅನುಮಾನ ಬರಲಿಲ್ಲ.

ಕನಸಿನ ಚಿತ್ರ ಇದಕ್ಕಿಂತ ಗಟ್ಟಿ. 2018ರಲ್ಲಿ ಸ್ಟೀಫನ್ ಲಾಬರ್ಜ್ ಮತ್ತು ಸಂಗಡಿಗರು ಲೂಸಿಡ್ ಕನಸುಗಾರರನ್ನು, ಅಂದರೆ ಇದು ಕನಸು ಎಂದು ಕನಸಿನಲ್ಲೇ ತಿಳಿಯುವವರನ್ನು, ಬಳಸಿಕೊಂಡರು. ಕನಸಿನಲ್ಲಿ ಬೆರಳಿನಿಂದ ಗಾಳಿಯಲ್ಲಿ ವೃತ್ತ ಬರೆಯಿರಿ, ಕಣ್ಣಿನಿಂದ ಅದನ್ನೇ ಹಿಂಬಾಲಿಸಿ ಎಂದಿದ್ದರು. ಎಚ್ಚರದಲ್ಲಿ ನಿಜವಾದ ಬೆರಳನ್ನು ನೋಡುವಾಗ ಕಣ್ಣು ಸರಾಗವಾಗಿ ಚಲಿಸುತ್ತದೆ. ಬರೀ ಕಲ್ಪಿಸಿಕೊಂಡರೆ ತುಂಡು ತುಂಡಾಗಿ ಜಿಗಿಯುತ್ತದೆ. ಕನಸಿನಲ್ಲಿ? ಸರಾಗವಾಗಿಯೇ ಚಲಿಸಿತು. ಕಣ್ಣಿನ ಮಟ್ಟಿಗೆ ಕನಸು ಕಲ್ಪನೆಗಿಂತ ನೋಟಕ್ಕೆ ಹತ್ತಿರ. ಯಾರ ಮಾತನ್ನೂ ನೆಚ್ಚದೆ ಬರೀ ಕಣ್ಣಿನ ಚಲನೆಯಿಂದ ಸಿಕ್ಕ ಪುರಾವೆ ಇದು, ಹಾಗಾಗಿ ಸಮೀಕ್ಷೆಗಳಿಗಿಂತ ಇದಕ್ಕೆ ಜಾಸ್ತಿ ತೂಕ ಕೊಡುತ್ತೇನೆ.

ಕಣ್ಣಿಲ್ಲದವರ ಕನಸಿನ ಬಗ್ಗೆ ಎರಡು ಮಾತು. ಮನಃಶಾಸ್ತ್ರಜ್ಞ ಜೋಸೆಫ್ ಜಾಸ್ಟ್ರೋ 1888ರಲ್ಲೇ ಇದನ್ನು ಪರಿಶೀಲಿಸಿದ್ದರು. ಸುಮಾರು 5 ವರ್ಷಕ್ಕೆ ಮೊದಲೇ ದೃಷ್ಟಿ ಹೋದವರ ಕನಸಿನಲ್ಲಿ ಚಿತ್ರ ಇರುತ್ತಿರಲಿಲ್ಲ. ಶಬ್ದ, ಸ್ಪರ್ಶ, ವಾಸನೆ ಇರುತ್ತಿದ್ದವು. 7 ವರ್ಷದ ನಂತರ ಹೋದವರಿಗೆ ಚಿತ್ರಗಳು ಉಳಿದಿದ್ದವು. ಸ್ವಲ್ಪ ಕಾಲವಾದರೂ ಕಣ್ಣಿನಿಂದ ತಾಲೀಮು ಸಿಕ್ಕಿರಬೇಕು, ಆಮೇಲೆ ಮಿದುಳು ತಾನೇ ನಡೆಸಿಕೊಂಡು ಹೋಗುತ್ತದೆ.

ಪ್ರಾಯೋಗಿಕಕ್ಕೆ

ಕನಸಿನ ಡೈರಿ ಅಸೈನ್‌ಮೆಂಟ್ ಇರುವವರು ಇಷ್ಟು ಮಾಡಿ. ಎದ್ದ ತಕ್ಷಣ, ಫೋನ್ ನೋಡುವ ಮೊದಲು ಬರೆಯಿರಿ. ಮೊದಲು ಕನಸನ್ನು ಹಾಗೇ ಬರೆದು ಮುಗಿಸಿ, ತಾನಾಗಿ ಬಂದ ಬಣ್ಣದ ಹೆಸರುಗಳಿಗೆ ಅಡಿಗೆರೆ ಹಾಕಿ. ಆಮೇಲಷ್ಟೇ ಒಂದೊಂದು ವಸ್ತುವನ್ನೂ ಹಿಡಿದು "ಯಾವ ಬಣ್ಣ?" ಎಂದು ಕೇಳಿಕೊಳ್ಳಿ. ಉತ್ತರದ ಕಾಲಂನಲ್ಲಿ ಬಣ್ಣದ ಹೆಸರು, ಕಪ್ಪು-ಬಿಳಿ, ಬಣ್ಣ ಗಮನಿಸಲಿಲ್ಲ ಎಂಬ ಮೂರು ಆಯ್ಕೆ ಇಡಿ. ಮೂರನೆಯದನ್ನು ಬಿಟ್ಟರೆ 1942ರ ಪ್ರಶ್ನಾವಳಿ ಸಿಕ್ಕಿಬಿದ್ದ ಜಾಗದಲ್ಲೇ ನಿಮ್ಮದೂ ಸಿಕ್ಕಿಬೀಳುತ್ತದೆ.