ದವಡೆ ನೋವಿಗೆ ಹಲ್ಲು ಕೂರುವ ರೀತಿಯೇ ಕಾರಣವೇ? ತೊಂಬತ್ತು ವರ್ಷಗಳ ಒಂದು ವಾದ

ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ ನೋಡಿ. ಚರ್ಮದ ಕೆಳಗೆ ಮೂಳೆಯ ಗುಂಡು ತುದಿಯೊಂದು ಜಾರುವುದು ಗೊತ್ತಾಗುತ್ತದೆ. ಅದೇ ದವಡೆ ಕೀಲು. ಡಾಕ್ಟರುಗಳು ಟಿಎಂಜೆ ಅನ್ನುತ್ತಾರೆ. ಇದು ಬಾಗಿಲಿನ ಕೀಲಿನಂತೆ ತಿರುಗುವುದಷ್ಟೇ ಅಲ್ಲ, ಮುಂದಕ್ಕೂ ಜಾರುತ್ತದೆ. ನಡುವೆ ಮೆತ್ತನೆಯ ಒಂದು ತಟ್ಟೆ, ಅಂದರೆ ಡಿಸ್ಕ್, ಇರುತ್ತದೆ.

ಇಲ್ಲಿ ನೋವು ಶುರುವಾದರೆ ಜನ ಮೊದಲು ಕಿವಿ ನೋವು ಅಂದುಕೊಂಡು ಇಎನ್‌ಟಿ ಡಾಕ್ಟರ ಹತ್ತಿರ ಹೋಗುತ್ತಾರೆ. ಅವರು ಕಿವಿ ಚೆನ್ನಾಗಿದೆ, ಹಲ್ಲಿನ ಡಾಕ್ಟರನ್ನು ನೋಡಿ ಎನ್ನುತ್ತಾರೆ. ಆಮೇಲೆ ಶುರುವಾಗುವುದೇ ಗೊಂದಲ. ಒಬ್ಬರು ಮೇಲಿನ ಕೆಳಗಿನ ಹಲ್ಲು ಸರಿಯಾಗಿ ಕೂರುತ್ತಿಲ್ಲ, ಸ್ವಲ್ಪ ಗ್ರೈಂಡ್ ಮಾಡಬೇಕು ಎನ್ನುತ್ತಾರೆ. ಇನ್ನೊಬ್ಬರು ಕ್ಲಿಪ್ ಹಾಕಿಸಿದರೆ ಸರಿಹೋಗುತ್ತದೆ ಎನ್ನುತ್ತಾರೆ. ಮತ್ತೊಬ್ಬರು ಇದು ಸ್ನಾಯು ನೋವು, ಹಲ್ಲಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಕಳಿಸುತ್ತಾರೆ. ಈ ಮೂರು ಉತ್ತರಗಳು ಹುಟ್ಟಿದ್ದು ಬೇರೆ ಬೇರೆ ಕಾಲದಲ್ಲಿ. ಇವತ್ತು ಮೂರೂ ಒಂದೇ ಬೀದಿಯ ಕ್ಲಿನಿಕ್‌ಗಳಲ್ಲಿ ಸಿಗುತ್ತವೆ.

ಮೊದಲ ಉತ್ತರ ಕೊಟ್ಟವರು ಹಲ್ಲಿನ ಡಾಕ್ಟರಲ್ಲ. 1934ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ಇಎನ್‌ಟಿ ವೈದ್ಯ ಜೇಮ್ಸ್ ಕಾಸ್ಟನ್ 11 ರೋಗಿಗಳ ಬಗ್ಗೆ ಬರೆದರು. ಕಿವಿ ಕಟ್ಟಿದಂತಾಗುವುದು, ಕಿವಿಯಲ್ಲಿ ಗುಂಯ್ ಸದ್ದು, ತಲೆಸುತ್ತು, ತಲೆನೋವು, ನಾಲಿಗೆ ಉರಿ ಇಂಥ ತೊಂದರೆಗಳು. ಹಿಂದಿನ ದವಡೆಹಲ್ಲು ಕಳೆದುಕೊಂಡವರ ಬಾಯಿ ಅತಿಯಾಗಿ ಮುಚ್ಚಿಕೊಳ್ಳುತ್ತದೆ, ಕೀಲು ಹಿಂದಕ್ಕೆ ಸರಿದು ಕಿವಿಯ ಬಳಿಯ ನರಗಳನ್ನು ಒತ್ತುತ್ತದೆ ಎಂಬುದು ಅವರ ವಿವರಣೆ. ಹಾಗಾದರೆ ಪರಿಹಾರ? ಹಲ್ಲಿನ ಎತ್ತರ ಜಾಸ್ತಿ ಮಾಡುವುದು. 1948ರಲ್ಲಿ ಶರೀರ ರಚನೆಯ ತಜ್ಞ ಹ್ಯಾರಿ ಸಿಖರ್ ಈ ವಿವರಣೆ ದೇಹದ ರಚನೆಗೆ ಹೊಂದುವುದಿಲ್ಲ ಎಂದು ತೋರಿಸಿದರು. ವಿವರಣೆ ಬಿದ್ದುಹೋಯಿತು. ಪರಿಹಾರ ಮಾತ್ರ ಉಳಿದುಕೊಂಡಿತು.

ಅದು ಉಳಿಯಲು ಕಾರಣವೂ ಇತ್ತು. ಕ್ಯಾಲಿಫೋರ್ನಿಯಾದಲ್ಲಿ 1926ರಿಂದಲೇ ಒಂದು ಗುಂಪು ದವಡೆಯ ಚಲನೆಯನ್ನು ಯಂತ್ರದಲ್ಲಿ ಹಿಡಿದಿಟ್ಟು ಅಳೆಯುತ್ತಿತ್ತು. ಕೀಲು ಗುಳಿಯೊಳಗೆ ಇಂಥದೇ ಜಾಗದಲ್ಲಿ ಕೂತಿರಬೇಕು, ಆಗ ಹಲ್ಲುಗಳೆಲ್ಲ ಒಟ್ಟಿಗೆ ತಾಗಬೇಕು ಎಂಬ ಆದರ್ಶ ಅಲ್ಲಿಂದ ಬಂತು. ಪೂರ್ತಿ ಬಾಯಿಗೆ ಹಲ್ಲು ಕಟ್ಟುವವರಿಗೆ ಇಂಥ ಅಳತೆ ಬೇಕೇ ಬೇಕು. ಅದರಲ್ಲಿ ತಪ್ಪಿಲ್ಲ. ಆದರೆ ಕಟ್ಟುವ ಕೆಲಸದ ಅಳತೆಗೋಲು ನಿಧಾನವಾಗಿ ಆರೋಗ್ಯದ ಅಳತೆಗೋಲೂ ಆಯಿತು. 1961ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಸಿಗೂರ್ಡ್ ರಾಮ್‌ಫ್ಯೋರ್ಡ್, ಹಲ್ಲು ಕಡಿಯುವ ಅಭ್ಯಾಸವನ್ನು ಹಲ್ಲು ತಾಗುವ ರೀತಿಯ ದೋಷಕ್ಕೆ ಜೋಡಿಸಿದರು. ಎತ್ತರವಾಗಿ ತಾಗುವ ಜಾಗ ತೇಯ್ದರೆ ಸ್ನಾಯು ಶಾಂತವಾಗುತ್ತದೆ ಎಂಬ ನಂಬಿಕೆ ಒಂದು ಪೀಳಿಗೆಯ ಪಾಠವಾಯಿತು.

ಇದಾದ ಮೇಲೆ ಬಂದ ಶಿಕಾಗೋದ ಕೆಲಸವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ನನ್ನ ಮಟ್ಟಿಗೆ ಇಡೀ ವಾದದ ತಿರುವು ಇಲ್ಲೇ ಇದೆ.

ಅದಕ್ಕೂ ಮೊದಲು, 1950ರ ದಶಕದಲ್ಲಿ, ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಹಲ್ಲಿನ ವೈದ್ಯ ಲಾಸ್ಲೋ ಶ್ವಾರ್ಟ್ಸ್ ನೋವಿನ ಮೂಲವನ್ನು ಕೀಲಿನಿಂದ ಸ್ನಾಯುವಿನ ಕಡೆಗೆ ತಿರುಗಿಸಿದ್ದರು. 1969ರಲ್ಲಿ ಶಿಕಾಗೋದ ಡೇನಿಯಲ್ ಲಾಸ್ಕಿನ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಒತ್ತಡದಲ್ಲಿರುವವರು ಗೊತ್ತಿಲ್ಲದೆ ಹಲ್ಲು ಬಿಗಿ ಹಿಡಿಯುತ್ತಾರೆ, ಸ್ನಾಯು ದಣಿಯುತ್ತದೆ, ನೋವು ಹುಟ್ಟುತ್ತದೆ ಎಂದರು. ಇಲ್ಲಿ ಹಲ್ಲಿನ ಜೋಡಣೆಗೆ ಮುಖ್ಯ ಪಾತ್ರವೇ ಇರಲಿಲ್ಲ. ಹೇಳಿದ್ದಷ್ಟೇ ಅಲ್ಲ, ಅವರ ತಂಡ ಅದನ್ನು ಪರೀಕ್ಷಿಸಲೂ ಹೊರಟಿತು. ಚಾರ್ಲ್ಸ್ ಗ್ರೀನ್ ಜೊತೆ ಸೇರಿ 1972ರಲ್ಲಿ ಬೇರೆ ಬೇರೆ ಸ್ಪ್ಲಿಂಟ್‌ಗಳನ್ನು, ಅಂದರೆ ಬಾಯೊಳಗೆ ಹಾಕಿಕೊಳ್ಳುವ ಪ್ಲಾಸ್ಟಿಕ್ ಕವಚಗಳನ್ನು, ಹೋಲಿಸಿದರು. ಅದರಲ್ಲಿ ಒಂದು ಅಂಗುಳಿಗೆ ಮಾತ್ರ ಅಂಟಿಕೊಂಡಿರುತ್ತಿತ್ತು. ಮೇಲಿನ ಕೆಳಗಿನ ಹಲ್ಲು ತಾಗುವ ರೀತಿಯನ್ನು ಅದು ಬದಲಿಸುತ್ತಲೇ ಇರಲಿಲ್ಲ. ಆದರೂ ಕೆಲವರ ನೋವು ಕಡಿಮೆಯಾಯಿತು.

1976ರಲ್ಲಿ ಅದೇ ತಂಡದ ಇನ್ನೊಂದು ಪ್ರಯೋಗ ಪ್ರಕಟವಾಯಿತು. 25 ರೋಗಿಗಳಿಗೆ ಹಲ್ಲು ತೇಯ್ದು ಸರಿಮಾಡುತ್ತೇವೆ ಎಂದು ಹೇಳಿದರು. ಕುರ್ಚಿಯಲ್ಲಿ ಕೂರಿಸಿ ಎಲ್ಲವನ್ನೂ ಮಾಡಿದಂತೆ ಮಾಡಿದರು. ಹಲ್ಲು ತಾಗುವ ಜಾಗವನ್ನು ಮಾತ್ರ ಬದಲಿಸಲಿಲ್ಲ. 25ರಲ್ಲಿ 16 ಜನ ನೋವು ಪೂರ್ತಿ ಅಥವಾ ಹೆಚ್ಚುಕಡಿಮೆ ಪೂರ್ತಿ ಹೋಯಿತು ಎಂದರು.

ಇದನ್ನು ತಪ್ಪಾಗಿ ಓದುವುದು ಸುಲಭ. ಹಾಗಾದರೆ ಅವರ ನೋವೇ ಸುಳ್ಳಾಗಿತ್ತಾ ಎಂದು ಕೇಳುವವರಿದ್ದಾರೆ. ಖಂಡಿತ ಅಲ್ಲ. ಬಾಯಿ ತೆರೆಯಲಾಗದೆ, ರೊಟ್ಟಿ ಅಗಿಯಲಾಗದೆ ಒದ್ದಾಡುವವರ ನೋವು ನಿಜವಾದದ್ದೇ. ಆದರೆ ಈ ನೋವು ಏರುತ್ತದೆ, ಇಳಿಯುತ್ತದೆ. ತುಂಬಾ ಜನರಲ್ಲಿ ದೊಡ್ಡ ಚಿಕಿತ್ಸೆ ಇಲ್ಲದೆಯೇ ತಗ್ಗುತ್ತದೆ. ರೋಗಿ ಡಾಕ್ಟರ ಹತ್ತಿರ ಬರುವುದು ನೋವು ಜೋರಾಗಿದ್ದಾಗ. ಆಗ ಏನೇ ಮಾಡಿದರೂ ಕೆಲವು ವಾರಗಳಲ್ಲಿ ಸುಧಾರಿಸುವ ಸಾಧ್ಯತೆ ಜಾಸ್ತಿ. ಯಾರೋ ಗಮನ ಕೊಟ್ಟರು, ಇದು ವಾಸಿಯಾಗುತ್ತೆ ಅಂದರು ಎಂಬ ಧೈರ್ಯವೂ ಕೆಲಸ ಮಾಡುತ್ತದೆ. ಅದು ಚಿಕ್ಕ ಪ್ರಯೋಗ ನಿಜ. ಆದರೂ ತೇಯ್ದೆ, ವಾಸಿಯಾಯಿತು, ಅಂದರೆ ಹಲ್ಲೇ ಕಾರಣ ಎಂಬ ತರ್ಕ ಅಲ್ಲಿಗೆ ಗಟ್ಟಿಯಾಗಿ ನಿಲ್ಲಲಿಲ್ಲ. ತೇಯ್ದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ ಎಂಬುದನ್ನು ನೆನೆದಾಗ ಆ 16 ಜನರ ಉತ್ತರಕ್ಕೆ ಇನ್ನೂ ತೂಕ ಬರುತ್ತದೆ.

ಅಲ್ಲಿಗೇ ವಾದ ಮುಗಿಯಬೇಕಿತ್ತು, ಅಲ್ವಾ? ಮುಗಿಯಲಿಲ್ಲ. 1980ರ ದಶಕದಲ್ಲಿ ಸ್ಕ್ಯಾನಿಂಗ್ ಬಂತು, ಜಾರಿದ ಡಿಸ್ಕ್ ಕಣ್ಣಿಗೆ ಕಂಡಿತು. ಡಿಸ್ಕನ್ನು ಹಿಡಿಯಲು ದವಡೆಯನ್ನು ಮುಂದಕ್ಕೆ ನಿಲ್ಲಿಸುವ ಸ್ಪ್ಲಿಂಟ್‌ಗಳು ಬಂದವು. ತಿಂಗಳುಗಟ್ಟಲೆ ಹಾಕಿಕೊಂಡವರಲ್ಲಿ ಹಿಂದಿನ ಹಲ್ಲುಗಳು ತಾಗದೆ ಸಂದಿ ಬಿಟ್ಟವು. ಅದನ್ನು ಮುಚ್ಚಲು ಮತ್ತೆ ಕ್ಲಿಪ್, ಮತ್ತೆ ಕ್ಯಾಪ್. ಡಿಸ್ಕ್ ಜಾಗಕ್ಕೆ ಟೆಫ್ಲಾನ್ ಇಂಪ್ಲಾಂಟ್ ಇಟ್ಟವರಲ್ಲಿ ಹಲವರ ಮೂಳೆಯೇ ಸವೆಯಿತು. ಕೊನೆಗೆ ಅವುಗಳನ್ನು ವಾಪಸ್ ತರಿಸಿಕೊಳ್ಳಬೇಕಾಯಿತು. ನೋವೇ ಇಲ್ಲದ ಎಷ್ಟೋ ಜನರ ಡಿಸ್ಕ್ ಕೂಡ ಜಾರಿರುತ್ತದೆ ಎಂಬುದು ಆಮೇಲೆ ತಿಳಿಯಿತು.

1987ರಲ್ಲಿ ವಾದ ಕೋರ್ಟಿಗೂ ಹೋಯಿತು. ಕ್ಲಿಪ್ ಚಿಕಿತ್ಸೆಯಿಂದಲೇ ದವಡೆ ಕೀಲು ಕೆಟ್ಟಿತು ಎಂದು ದೂರಿದ ಯುವತಿಯೊಬ್ಬರಿಗೆ ಮಿಷಿಗನ್‌ನ ಜ್ಯೂರಿ 8,50,000 ಡಾಲರ್ ಪರಿಹಾರ ಕೊಡಿಸಿತು. ಅಲ್ಲಿನ ಹಲ್ಲು ಜೋಡಣೆ ತಜ್ಞರೆಲ್ಲ ಬೆಚ್ಚಿದರು. ಅದರಿಂದ ಒಂದು ಒಳ್ಳೆಯದಾಯಿತು. ಸಂಶೋಧನೆಗೆ ಹಣ ಬಂತು. 1995ರಲ್ಲಿ ಮೆಕ್‌ನಮಾರಾ, ಸೆಲಿಗ್‌ಮನ್, ಓಕ್ಸನ್ ಎಂಬ ಮೂವರು ಸಂಶೋಧಕರು ಎಲ್ಲ ಅಧ್ಯಯನಗಳನ್ನು ಒಟ್ಟಿಗೆ ನೋಡಿದರು. ಹದಿವಯಸ್ಸಿನಲ್ಲಿ ಕ್ಲಿಪ್ ಹಾಕಿಸಿದರೆ, ಅದಕ್ಕಾಗಿ ಹಲ್ಲು ಕೀಳಿಸಿದರೆ, ಮುಂದೆ ಈ ನೋವು ಬರುವ ಸಾಧ್ಯತೆ ಹೆಚ್ಚುವುದಿಲ್ಲ. ಅದೇ ರೀತಿ, ಕ್ಲಿಪ್ ಹಾಕಿಸಿದರೆ ಈ ನೋವು ಬರುವುದನ್ನು ತಡೆಯಬಹುದು ಎನ್ನಲೂ ಆಧಾರವಿಲ್ಲ. ಮೊದಲ ಅರ್ಧವನ್ನು ಎಲ್ಲರೂ ಖುಷಿಯಿಂದ ಹೇಳಿದರು. ಎರಡನೆಯ ಅರ್ಧ ಅಷ್ಟು ಕೇಳಿಸುವುದಿಲ್ಲ. ಮಗುವಿಗೆ ಕ್ಲಿಪ್ ಹಾಕಿಸಲು ನೋಟ, ಹಲ್ಲಿನ ಸ್ವಚ್ಛತೆ, ಅಗಿಯಲು ಅನುಕೂಲ ಹೀಗೆ ಒಳ್ಳೆಯ ಕಾರಣಗಳಿವೆ. ಮುಂದೆ ಟಿಎಂಜೆ ತೊಂದರೆ ಬರಬಾರದು ಎಂಬುದು ಅವುಗಳಲ್ಲಿ ಒಂದಲ್ಲ.

ಹಾಗಾದರೆ ಹಲ್ಲಿಗೂ ಕೀಲಿಗೂ ನಂಟೇ ಇಲ್ಲವೇ? ಇದೆ, ಸ್ವಲ್ಪ. ಮುಂದಿನ ಹಲ್ಲುಗಳು ಒಂದಕ್ಕೊಂದು ತಾಗದಿರುವುದು, ಮೇಲಿನ ಹಲ್ಲು 6–7 ಮಿಲಿಮೀಟರ್‌ಗಿಂತ ಮುಂದಿರುವುದು, ಐದು ಅಥವಾ ಅದಕ್ಕಿಂತ ಹೆಚ್ಚು ಹಿಂದಿನ ಹಲ್ಲುಗಳು ಇಲ್ಲದಿರುವುದು ಇಂಥ ಕೆಲವು ಲಕ್ಷಣಗಳು ರೋಗಿಗಳಲ್ಲಿ ಹೆಚ್ಚಾಗಿ ಕಂಡಿವೆ. ಆದರೆ ಯಾವುದು ಮೊದಲು, ಯಾವುದು ನಂತರ? ಕೀಲಿನ ಮೂಳೆ ಸವೆದರೆ ದವಡೆ ಹಿಂದಕ್ಕೆ ಕೂರುತ್ತದೆ, ಮುಂದೆ ಸಂದಿ ಬೀಳುತ್ತದೆ. ಅಂದರೆ ಕಾರಣ ಎಂದುಕೊಂಡದ್ದು ಪರಿಣಾಮವೇ ಆಗಿರಬಹುದು. ಸ್ನಾಯುವಿನ ನೋವೂ ಹೀಗೇ ಮಾಡಬಲ್ಲದು. 1996ರ ಪ್ರಯೋಗವೊಂದರಲ್ಲಿ ದವಡೆ ಸ್ನಾಯುವಿಗೆ ಉಪ್ಪುನೀರು ಚುಚ್ಚಿ ನೋವು ತರಿಸಿದಾಗ ದವಡೆ ನಿಲ್ಲುವ ಜಾಗವೇ ಬದಲಾಯಿತು. ನೋವಿರುವಾಗ ಹಲ್ಲು ಕೂರುವ ರೀತಿ ಅಳೆದು, ಅದನ್ನೇ ದೋಷ ಎಂದು ತೇಯುವುದರ ಅಪಾಯ ಇಲ್ಲೇ ಇದೆ.

ಬೇಕೆಂದೇ ತಪ್ಪು ಜೋಡಣೆ ಮಾಡಿ ನೋಡಿದವರೂ ಇದ್ದಾರೆ. 2005ರಲ್ಲಿ ಇಟಲಿಯ ನೇಪಲ್ಸ್‌ನಲ್ಲಿ ಆರೋಗ್ಯವಂತ ಯುವತಿಯರ ಹಲ್ಲಿನ ಮೇಲೆ ಚಿನ್ನದ ತೆಳು ಹಾಳೆ ಅಂಟಿಸಿ ಎತ್ತರ ಮಾಡಿದರು. ಅವರು ಹಲ್ಲು ಕಡಿಯುವುದು ಜಾಸ್ತಿಯಾಗಲಿಲ್ಲ. ಸ್ನಾಯುಗಳ ಕೆಲಸ ಕಡಿಮೆಯೇ ಆಯಿತು. ಕೆಲವು ದಿನಗಳಲ್ಲಿ ಹೊಂದಿಕೊಂಡರು. ಫಿನ್‌ಲ್ಯಾಂಡ್‌ನ ಇಂಥದೇ ಪ್ರಯೋಗದಲ್ಲಿ ಮೊದಲೇ ಈ ತೊಂದರೆ ಇದ್ದವರು ಅಷ್ಟು ಚೆನ್ನಾಗಿ ಹೊಂದಿಕೊಳ್ಳಲಿಲ್ಲ. ಹಲ್ಲಿಗಿಂತ, ಹಲ್ಲು ಯಾರ ಬಾಯಲ್ಲಿದೆ ಎಂಬುದು ಮುಖ್ಯ ಎಂದು ಇದರಿಂದ ಅನಿಸುತ್ತದೆ.

ಅಮೆರಿಕದ ಒಪ್ಪೆರಾ ಎಂಬ ದೊಡ್ಡ ಅಧ್ಯಯನ ನೋಡಿದ್ದು ಇದನ್ನೇ. ನೋವಿಲ್ಲದ 18ರಿಂದ 44 ವರ್ಷದವರನ್ನು ವರ್ಷಗಟ್ಟಲೆ ಹಿಂಬಾಲಿಸಿ, ಯಾರಿಗೆ ಹೊಸದಾಗಿ ನೋವು ಬರುತ್ತದೆ ಎಂದು ಕಾದರು. ಮೈಯಲ್ಲಿ ಬೇರೆ ಕಡೆ ನೋವು, ಕೆಟ್ಟ ನಿದ್ದೆ, ಒತ್ತಡ, ದವಡೆಗೆ ಬಿದ್ದ ಪೆಟ್ಟು, ಬಿಗಿ ಹಿಡಿಯುವ ಅಭ್ಯಾಸ ಇಂಥವು ಮುಂದೆ ಬಂದವು. 2017ರಲ್ಲಿ ಇಟಲಿಯ ಸಂಶೋಧಕ ಮ್ಯಾನ್‌ಫ್ರೆಡಿನಿ ಮತ್ತು ಜೊತೆಗಾರರು ಹಲ್ಲು ಜೋಡಣೆಯ ಎಲ್ಲ ಅಧ್ಯಯನ ಸೋಸಿ, ಅದನ್ನು ಕಾರಣ ಎನ್ನಲು ಆಧಾರವಿಲ್ಲ ಎಂದರು.

ಆದರೂ ಹಳೆಯ ನಂಬಿಕೆ ಹೋಗಿಲ್ಲ. ಅದಕ್ಕೆ ಯಾರೋ ಮೋಸ ಮಾಡುತ್ತಿದ್ದಾರೆ ಎನ್ನಬೇಕಿಲ್ಲ. ಹಲ್ಲು ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಒತ್ತಡವಾಗಲಿ, ನಿದ್ದೆಯಾಗಲಿ ಎಕ್ಸ್‌ರೇಯಲ್ಲಿ ಬರುವುದಿಲ್ಲ. ಚಿಕಿತ್ಸೆಯ ನಂತರ ನೋವು ತಗ್ಗಿದ ರೋಗಿ ಕೈ ಮುಗಿದು ಹೋಗುವುದನ್ನು ಡಾಕ್ಟರು ಕಣ್ಣಾರೆ ಕಂಡಿರುತ್ತಾರೆ. ಅದರ ಮುಂದೆ ಸಂಶೋಧನಾ ಪತ್ರಿಕೆಯ ಅಂಕಿಗಳು ಸಪ್ಪೆ ಎನಿಸುವುದು ಸಹಜ.

2023ರ ಕೊನೆಗೆ ಬ್ರಿಟನ್ನಿನ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ದೀರ್ಘಕಾಲದ ದವಡೆ ನೋವಿಗೆ ಹೊಸ ಮಾರ್ಗಸೂಚಿ ಬಂತು. ದವಡೆಯ ವ್ಯಾಯಾಮ, ಕೈಯಿಂದ ಸ್ನಾಯು ಸಡಿಲಿಸುವುದು, ನೋವನ್ನು ನಿಭಾಯಿಸಲು ಕಲಿಸುವ ಮಾತಿನ ಚಿಕಿತ್ಸೆ ಇವು ಮೇಲಿನ ಸಾಲಿನಲ್ಲಿವೆ. ಬೇಕಾದಾಗ ತೆಗೆಯಬಹುದಾದ ಸ್ಪ್ಲಿಂಟ್‌ಗಳಿಗೂ ಅದು ಅಷ್ಟೇನೂ ಉತ್ಸಾಹ ತೋರಿಲ್ಲ. ಹಲ್ಲಿನ ಜೋಡಣೆಯನ್ನು ಶಾಶ್ವತವಾಗಿ ಬದಲಿಸುವ ಸ್ಪ್ಲಿಂಟ್‌ಗಳು ಬೇಡವೇ ಬೇಡ ಎಂದಿದೆ.

ಹಾಗಾಗಿ ದವಡೆ ನೋವಿಗೆಂದು ಹಲ್ಲು ತೇಯಲು, ಕೀಳಲು ಅಥವಾ ಸಾಲಾಗಿ ಕ್ಯಾಪ್ ಹಾಕಲು ಯಾರಾದರೂ ಹೇಳಿದರೆ, ಇದನ್ನು ಮತ್ತೆ ಮೊದಲಿನಂತೆ ಮಾಡಬಹುದಾ ಎಂದು ಕೇಳಿ. ಆಗದು ಎಂದರೆ ಇನ್ನೊಬ್ಬರ ಅಭಿಪ್ರಾಯ ಪಡೆಯಿರಿ. ಮೊನ್ನೆಯಷ್ಟೇ ಹಾಕಿಸಿದ ಕ್ಯಾಪ್ ಎತ್ತರವಾಗಿ ತಾಗುತ್ತಿದ್ದರೆ ಅದು ಬೇರೆ ವಿಷಯ, ಅದನ್ನು ಸರಿಮಾಡಿಸಲೇಬೇಕು. ಹಾಗೆಯೇ ಇಷ್ಟು ವರ್ಷ ಸರಿಯಾಗಿ ಕೂರುತ್ತಿದ್ದ ಹಲ್ಲುಗಳು ಈಗ ಇದ್ದಕ್ಕಿದ್ದಂತೆ ತಾಗುತ್ತಿಲ್ಲ ಎನಿಸಿದರೆ ಸುಮ್ನೆ ಇರಬೇಡಿ. ಆಗ ಮೊದಲು ಪರೀಕ್ಷಿಸಬೇಕಾದದ್ದು ಕೀಲನ್ನು, ಹಲ್ಲನ್ನಲ್ಲ.