ಬಸುರಿಗೆ ಕೋವಿಡ್ ಬಂದರೆ ಹಳೇ ಔಷಧಿ ಯಾಕೆ ನಿಲ್ಲಿಸ್ತೀರಿ?

2021ರ ಮೇ ತಿಂಗಳು. ಏಳು ತಿಂಗಳ ಬಸುರಿಯೊಬ್ಬಳನ್ನು ಆಟೋದಲ್ಲಿ ಕರೆದುಕೊಂಡು ಬಂದರು. ಒಂದು ಮಾತು ಮುಗಿಸಲು ಮೂರು ಸಲ ಉಸಿರು ಎಳೆದುಕೊಳ್ಳುತ್ತಿದ್ದಳು. ಕೋವಿಡ್ ಪಾಸಿಟಿವ್ ಬಂದು ಐದು ದಿನ ಆಗಿತ್ತು. ಚಿಕ್ಕಂದಿನಿಂದ ಅಸ್ತಮಾ ಬೇರೆ. "ಇನ್ಹೇಲರ್ ತಗೋತಿದ್ದೀಯೇನಮ್ಮಾ?" ಅಂದೆ. ಅವಳು ಅತ್ತೆಯ ಮುಖ ನೋಡಿದಳು. ಅತ್ತೆ ತಮ್ಮ ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು, ಗಂಟು ಬಿಚ್ಚಿ, ಇನ್ಹೇಲರ್ ತೋರಿಸಿದರು. "ಮಗೂಗೆ ತೊಂದರೆ ಆಗಬಾರದು ಅಂತ ನಾನೇ ಎತ್ತಿಟ್ಟಿದ್ದೆ ಮೇಡಂ."

ಆ ಅತ್ತೆ ಕೆಟ್ಟವರಲ್ಲ. ಒಳಗೆ ಬಿಡಲ್ಲ ಅಂತ ಗೊತ್ತಿದ್ದರೂ ನಾಲ್ಕು ದಿನ ಆಸ್ಪತ್ರೆ ಗೇಟಿನ ಹತ್ತಿರವೇ ಇದ್ದರು. ದಿನಾ ಗಂಜಿ ಮಾಡಿಸಿ ಕಳಿಸುತ್ತಿದ್ದರು. ಬೈಯೋಣ ಅಂದರೆ ನನಗೆ ಬಾಯೇ ಬರಲಿಲ್ಲ. ಆದರೆ ಇವತ್ತಿಗೂ ವಾರಕ್ಕೊಬ್ಬರಾದರೂ ಇದೇ ತಪ್ಪು ಮಾಡಿಕೊಂಡು ಬರುತ್ತಾರೆ, ಆಗ ಸಿಟ್ಟು ಬರುತ್ತೆ.

ಇನ್ನೊಂದು ಸಲ ಹೇಳ್ತೀನಿ. ಅಸ್ತಮಾಕ್ಕೆ ಕೊಡುವ ಬುಡೆಸೊನೈಡ್ ಇನ್ಹೇಲರ್‌ನಲ್ಲಿ ಔಷಧಿ ಇರೋದು ಮೈಕ್ರೋಗ್ರಾಂ ಲೆಕ್ಕದಲ್ಲಿ. ಅದು ನೇರವಾಗಿ ಉಸಿರಿನ ಕೊಳವೆಗೆ ಹೋಗುತ್ತೆ, ರಕ್ತಕ್ಕೆ ಸೇರೋದು ಬಹಳ ಕಡಿಮೆ. ಎಷ್ಟೋ ವರ್ಷಗಳಿಂದ ಬಸುರಿಯರಿಗೆ ಕೊಡುತ್ತಾ ಬಂದಿದ್ದೇವೆ. ಮಗುವಿಗೆ ಅಪಾಯ ಇರೋದು ಔಷಧಿಯಿಂದಲ್ಲ, ಅಮ್ಮನಿಗೆ ಆಕ್ಸಿಜನ್ ಕಮ್ಮಿ ಆಗೋದರಿಂದ. ಹೊಟ್ಟೆಯಲ್ಲಿರುವ ಮಗುವಿಗೆ ಬೇಕಾದ ಆಕ್ಸಿಜನ್ ಪೂರ್ತಿ ಬರೋದು ಅಮ್ಮನ ರಕ್ತದಿಂದಲೇ ಅಲ್ವಾ? ಬೇರೆಯವರಿಗೆ ಬೆರಳಿನ ಆಕ್ಸಿಮೀಟರ್‌ನಲ್ಲಿ 93 ಬಂದರೂ ಕೆಲವೊಮ್ಮೆ ಕಾದು ನೋಡುತ್ತೇವೆ. ಬಸುರಿಗೆ 95ಕ್ಕಿಂತ ಕೆಳಗೆ ಬಂದರೆ ಕಾಯುವುದಿಲ್ಲ. ಅಂದ ಹಾಗೆ, ಆಕ್ಸಿಮೀಟರ್ ಹಾಕುವ ಮುಂಚೆ ಉಗುರಿನ ಬಣ್ಣ ಅಳಿಸಿ. ಕಪ್ಪು ನೇಲ್ ಪಾಲಿಶ್‌ನಿಂದ ರೀಡಿಂಗ್ ಕಮ್ಮಿ ಬಂದು, ರಾತ್ರಿ ಹನ್ನೆರಡಕ್ಕೆ ಇಡೀ ಮನೆಯವರು ಓಡಿ ಬಂದದ್ದೂ ಉಂಟು.

ಸಕ್ಕರೆ ಕಾಯಿಲೆಯವರ ಕಥೆ ಬೇರೆ. "ಜ್ವರ, ಊಟ ಸೇರ್ತಿಲ್ಲ, ಅದಕ್ಕೆ ಇನ್ಸುಲಿನ್ ಬಿಟ್ಟೆ" ಅಂತಾರೆ. ಕೇಳಿದರೆ ಸರಿ ಅನ್ನಿಸುತ್ತೆ, ಆದರೆ ಸರಿಯಲ್ಲ. ಸೋಂಕು ಬಂದಾಗ ಊಟ ಮಾಡದಿದ್ದರೂ ಸಕ್ಕರೆ ಏರುತ್ತೆ. ಸ್ಟೆರಾಯ್ಡ್ ಕೊಟ್ಟರಂತೂ ಇನ್ನೂ ಜಾಸ್ತಿ. ಹಾಗಂತ ಊಟ ಬಿಟ್ಟು ಹಳೇ ಡೋಸ್ ಪೂರ್ತಿ ಚುಚ್ಚಿಕೊಂಡರೆ ಸಕ್ಕರೆ ಕುಸಿದು ತಲೆ ಸುತ್ತಿ ಬೀಳಬಹುದು. ಗ್ಲುಕೋಮೀಟರ್‌ನಲ್ಲಿ ನೋಡಿ, ಡಾಕ್ಟರಿಗೆ ಫೋನ್ ಮಾಡಿ. ಡೋಸ್ ಎಷ್ಟು ಅಂತ ಅವರು ಹೇಳಲಿ. ನಾನು ಇಲ್ಲಿ ಕೂತು ಬರೆಯುವ ವಿಷಯ ಅಲ್ಲ ಅದು.

ಎಲ್ಲ ಹಳೇ ಮಾತ್ರೆಯನ್ನೂ ಕಣ್ಣುಮುಚ್ಚಿ ನುಂಗಿ ಅಂತಲೂ ನಾನು ಹೇಳುತ್ತಿಲ್ಲ. ಬಿಪಿಗೆ ಟೆಲ್ಮಿಸಾರ್ಟಾನ್, ಎನಾಲಪ್ರಿಲ್ ತಗೊಳ್ಳುವವರಿಗೆ ಬಸುರಿ ಅಂತ ಗೊತ್ತಾದ ಕೂಡಲೇ, ಬಸುರಿಯರಿಗೆ ಕೊಡಬಹುದಾದ ಲ್ಯಾಬೆಟಲಾಲ್‌ಗೋ ನಿಫೆಡಿಪಿನ್‌ಗೋ ಬದಲಾಯಿಸುತ್ತೇವೆ. ಬದಲಾಯಿಸೋದು ಅಂದರೆ ಒಂದು ಬಿಟ್ಟು ಇನ್ನೊಂದು ಶುರು ಮಾಡೋದು. ನೀವೇ ಬಿಟ್ಟು ಸುಮ್ನೆ ಕೂರೋದಲ್ಲ.

ಇನ್ನು ಹಳೇ ಮಾತ್ರೆ ಬಿಟ್ಟವರೇ ವಾಟ್ಸಾಪ್‌ನಲ್ಲಿ ಬಂದ ಚೀಟಿ ನೋಡಿ ಮೆಡಿಕಲ್ ಶಾಪಿನಿಂದ ಸ್ಟೆರಾಯ್ಡ್ ಮಾತ್ರೆ ತಂದು ನುಂಗಿರುತ್ತಾರೆ! ಡೆಕ್ಸಾಮೆಥಸೋನ್ ಅನ್ನೋ ಸ್ಟೆರಾಯ್ಡ್‌ನಿಂದ ಜೀವ ಉಳಿಯುತ್ತೆ ಅಂತ 2020ರ ಜೂನ್‌ನಲ್ಲಿ ಬ್ರಿಟನ್ನಿನ 'ರಿಕವರಿ' ಅನ್ನೋ ಔಷಧಿ ಪ್ರಯೋಗ ತೋರಿಸಿದ್ದು ನಿಜ. ಆದರೆ ಆಕ್ಸಿಜನ್ ಬೇಕಾದ ರೋಗಿಗಳಲ್ಲಿ ಮಾತ್ರ. ಬರೀ ಜ್ವರ, ಮೈಕೈ ನೋವಿಗೆ ಅಲ್ಲ.

ಬಿಪಿ, ಸಕ್ಕರೆ, ಜಾಸ್ತಿ ತೂಕ ಇರುವ ಬಸುರಿಯರಿಗೆ ಕೋವಿಡ್ ಜೋರಾಗುವ ಸಾಧ್ಯತೆ ಬೇರೆ ಬಸುರಿಯರಿಗಿಂತ ಹೆಚ್ಚು. ಈಗ ಹೆಚ್ಚಿನವರಿಗೆ ನೆಗಡಿಯಂತೆ ಬಂದು ಹೋಗುತ್ತೆ, ನಿಜ. ಇವರು ಮಾತ್ರ ಮೊದಲ ದಿನವೇ ತಾಯಿ ಕಾರ್ಡ್ ಹಿಡಿದುಕೊಂಡು ಬಂದರೆ ಒಳ್ಳೆಯದು.

ನಮ್ಮ ದೇಶದಲ್ಲಿ ಬಸುರಿಯರಿಗೆ ಲಸಿಕೆ ಹಾಕಲು ಒಪ್ಪಿಗೆ ಸಿಕ್ಕಿದ್ದು 2021ರ ಜುಲೈ 2ಕ್ಕೆ. ಆ ಹುಡುಗಿ ಬಂದದ್ದು ಮೇ ತಿಂಗಳಲ್ಲಿ. ಆದರೂ ಗೆದ್ದಳು. ತಿಂಗಳು ತುಂಬಿಯೇ ಹೆರಿಗೆ ಆಯಿತು, ಹೆಣ್ಣು ಮಗು. ಹೋದ ವರ್ಷ ಮೂವರೂ ಬಂದಿದ್ದರು. "ಈಗ ಇನ್ಹೇಲರ್ ದೇವರ ಗೂಡಿನ ಪಕ್ಕದಲ್ಲೇ ಇಡ್ತೀನಿ ಮೇಡಂ, ಯಾರಿಗೂ ಮುಟ್ಟೋಕೆ ಬಿಡಲ್ಲ" ಅಂದರು ಅತ್ತೆ. ಖುಷಿಯಾಗಿ ಕೈಗೆ ತಗೊಂಡು ತಿರುಗಿಸಿ ನೋಡಿದೆ. ಡೇಟ್ ಮುಗಿದು ನಾಲ್ಕು ತಿಂಗಳಾಗಿತ್ತು.