ಹಳೇ ನೋಟಿಗೆ ಇಸ್ತ್ರಿ ಹಾಕಬೇಡಿ

ಬ್ರಿಟಿಷರ ಕಾಲದ ನೋಟು ಹಿಡಿದುಕೊಂಡು ಬರುವವರು ಸಾಮಾನ್ಯವಾಗಿ ಮೊದಲು ಕೇಳುವುದು, "ಇದನ್ನ ಸ್ವಲ್ಪ ಕ್ಲೀನ್ ಮಾಡಿ ಕೊಡ್ತೀರಾ ಸರ್?" ಎಂದು. ಹಳೇ ಕಾಗದಗಳನ್ನು ಕೆಡದಂತೆ ಕಾಪಾಡುವುದು ನನ್ನ ಕೆಲಸ. ಆದರೂ ನೋಟಿನ ವಿಷಯದಲ್ಲಿ ನಾನು ಹೆಚ್ಚಾಗಿ ಬೇಡ ಅಂತಲೇ ಹೇಳುತ್ತೇನೆ. ಮಡಿಕೆ, ಪಿನ್ನಿನ ತೂತು, ಶಾಯಿ ಕಲೆ, ಹಿಂಬದಿಯ ಸಹಿ ಎಲ್ಲವೂ ಆ ನೋಟು ಎಲ್ಲೆಲ್ಲಿ ಓಡಾಡಿತು ಅನ್ನೋದಕ್ಕೆ ಉಳಿದಿರುವ ಸಾಕ್ಷಿ. ಒಮ್ಮೆ ತೊಳೆದರೆ ಮತ್ತೆ ಸಿಗುವುದಿಲ್ಲ.

1861ರ ಪೇಪರ್ ಕರೆನ್ಸಿ ಕಾಯ್ದೆ ಬಂದ ಮೇಲೆ ಬ್ರಿಟಿಷ್ ಇಂಡಿಯಾದಲ್ಲಿ ನೋಟು ಹೊರಡಿಸುವ ಅಧಿಕಾರ ಸರ್ಕಾರದ ಕೈಗೆ ಹೋಯಿತು. ಮೊದಲು ಬಂದಿದ್ದು ವಿಕ್ಟೋರಿಯಾ ರಾಣಿಯ ಚಿತ್ರದ ನೋಟು. ಅದರ ನಕಲಿಗಳ ಕಾಟ ಜಾಸ್ತಿಯಾದಾಗ 1867ರಲ್ಲಿ ಚಿತ್ರವಿಲ್ಲದ, ಬಣ್ಣದ ಹಿನ್ನೆಲೆಯ 'ಅಂಡರ್‌ಪ್ರಿಂಟ್' ನೋಟು ಬಂತು. ಇವೆಲ್ಲ ಒಂದೇ ಬದಿಗೆ ಅಚ್ಚಾದವು, ಹಿಂಬದಿ ಬರೀ ಖಾಲಿ ಕಾಗದ. ಆ ಖಾಲಿ ಜಾಗದಲ್ಲಿ ವ್ಯಾಪಾರಿಗಳು ಸಹಿ ಹಾಕುತ್ತಿದ್ದರು, ಅಂಗಡಿಯ ಮೊಹರು ಒತ್ತುತ್ತಿದ್ದರು. ಸಂಗ್ರಹಕಾರರಲ್ಲಿ ಅನೇಕರು ಇದನ್ನು ಗಲೀಜು ಅಂದುಕೊಳ್ಳುತ್ತಾರೆ. ನನಗೆ ಅದೇ ನೋಟಿನ ಅತ್ಯಂತ ಬೆಲೆಬಾಳುವ ಭಾಗ.

ಈ ಕಾಲದ ನೋಟು ಕೈಗೆ ಸಿಕ್ಕರೆ ನಡುವೆ ಸರಿಯಾಗಿ ನೋಡಿ. ಮೇಲಿಂದ ಕೆಳಗೆ ಕತ್ತರಿಸಿ, ಹಿಂದೆ ತೆಳು ಕಾಗದದ ಪಟ್ಟಿ ಅಂಟಿಸಿ ಜೋಡಿಸಿದ ಗುರುತು ಇರಬಹುದು. ಆಗ ದೊಡ್ಡ ಮೊತ್ತ ಅಂಚೆಯಲ್ಲಿ ಕಳಿಸುವವರು ನೋಟನ್ನು ಎರಡು ತುಂಡು ಮಾಡಿ, ಮೊದಲು ಒಂದನ್ನು ಕಳಿಸುತ್ತಿದ್ದರು. ಅದು ತಲುಪಿತು ಎಂಬ ಉತ್ತರ ಬಂದ ಮೇಲೆ ಇನ್ನೊಂದು ಹೊರಡುತ್ತಿತ್ತು. ದಾರಿಯಲ್ಲಿ ಕದ್ದರೂ ಅರ್ಧ ನೋಟು ಕಳ್ಳನಿಗೆ ಉಪಯೋಗಕ್ಕೆ ಬರುತ್ತಿರಲಿಲ್ಲ. ನೋಟಿನ ಎಡಕ್ಕೂ ಬಲಕ್ಕೂ ನಂಬರ್ ಇರುತ್ತಿದ್ದದ್ದರಿಂದ ಎರಡೂ ತುಂಡು ಒಂದೇ ನೋಟಿನವು ಅಂತ ತಾಳೆ ನೋಡಬಹುದಿತ್ತು. ನೀವೂ ಅದನ್ನೇ ಮಾಡಿ. ಎರಡೂ ನಂಬರ್ ಒಂದೇ ಇದ್ದರೆ ಅದು ಅಂಚೆಯಲ್ಲಿ ಪಯಣಿಸಿ ಒಂದಾದ ನೋಟು. ಬೇರೆ ಬೇರೆ ಇದ್ದರೆ ಯಾರೋ ಎರಡು ಹಾಳಾದ ನೋಟುಗಳನ್ನು ಸೇರಿಸಿ ಮಾರಲು ಹೊರಟಿದ್ದಾರೆ. ಜೋಡಿಸಿದ ನೋಟಿಗೆ ಮಾರುಕಟ್ಟೆಯಲ್ಲಿ ಬೆಲೆ ಕಡಿಮೆ, ನಿಜ. ಕಡಿಮೆ ದುಡ್ಡಿರುವ ಹೊಸಬರಿಗೆ ನಾನು ಅದನ್ನೇ ಕೊಳ್ಳಿ ಅನ್ನುತ್ತೇನೆ.

ನೋಟಿನ ಮೇಲೆ ಅಚ್ಚಾದ ಊರಿನ ಹೆಸರನ್ನೂ ಓದಿ. ಆಗ ದೇಶವನ್ನು ಕಲ್ಕತ್ತ, ಬಾಂಬೆ, ಮದ್ರಾಸ್ ಹೀಗೆ ಕರೆನ್ಸಿ ಸರ್ಕಲ್‌ಗಳಾಗಿ ಹಂಚಿದ್ದರು. ಒಂದು ಸರ್ಕಲ್ಲಿನ ನೋಟನ್ನು ಕಾನೂನು ಪ್ರಕಾರ ಅದೇ ಸರ್ಕಲ್ಲಿನಲ್ಲಿ ಮಾತ್ರ ನಗದು ಮಾಡಿಸಬಹುದಿತ್ತು. ಧಾರವಾಡ ಆಗ ಮುಂಬೈ ಪ್ರಾಂತ್ಯದಲ್ಲಿ, ಮಂಗಳೂರು ಮದ್ರಾಸ್ ಪ್ರಾಂತ್ಯದಲ್ಲಿ ಇದ್ದವು ಅನ್ನೋದನ್ನು ನೆನಪಿಟ್ಟುಕೊಂಡರೆ ನಮ್ಮ ವ್ಯಾಪಾರಿಗಳ ಪಾಡು ಅರ್ಥವಾಗುತ್ತದೆ. 5, 10, 50, 100 ರೂಪಾಯಿ ನೋಟುಗಳು ಎಲ್ಲ ಕಡೆ ನಡೆಯುವಂತಾಗಿದ್ದು 1903ರಿಂದ 1911ರ ನಡುವೆ.

ಹೊಸಬರು ಹೆಚ್ಚಾಗಿ ಶುರು ಮಾಡುವುದು 1917ರ ಒಂದು ರೂಪಾಯಿ ನೋಟಿನಿಂದ. ಮೊದಲ ಮಹಾಯುದ್ಧದಲ್ಲಿ ಬೆಳ್ಳಿಗೆ ಬರ ಬಂದಾಗ ಹುಟ್ಟಿದ ನೋಟು ಅದು. ಐದನೇ ಜಾರ್ಜ್ ರಾಜನ ಬೆಳ್ಳಿ ರೂಪಾಯಿಯ ಚಿತ್ರವನ್ನೇ ಅದರ ಮೇಲೆ ಅಚ್ಚು ಹಾಕಿದ್ದರು. ಹಿಂದೆ ಎಂಟು ಭಾಷೆಗಳಲ್ಲಿ ಬೆಲೆ ಇದೆ, ಕನ್ನಡದಲ್ಲೂ ಇದೆ. ಗಬ್ಬೆ, ಮ್ಯಾಕ್‌ವಾಟರ್ಸ್, ಡೆನ್ನಿಂಗ್ ಈ ಮೂವರು ಅಧಿಕಾರಿಗಳಲ್ಲಿ ಯಾರ ಸಹಿ ಇದೆ ಅನ್ನೋದರ ಮೇಲೆ ಬೆಲೆಯೂ ಬದಲಾಗುತ್ತದೆ. ಈ ನೋಟುಗಳನ್ನು 25ರ ಪುಸ್ತಕ ಮಾಡಿ ಕೊಡುತ್ತಿದ್ದರು, ಚೆಕ್ ಹರಿದ ಹಾಗೆ ಹರಿದು ತೆಗೆಯಬೇಕಿತ್ತು. ಹಾಗಾಗಿ ಒಂದು ಅಂಚು ಒರಟಾಗಿದ್ದರೆ ಅದು ಸಹಜ. ನೀಟಾಗಿ ಕಾಣಲಿ ಅಂತ ಆ ಅಂಚನ್ನು ಕತ್ತರಿಸಿಬಿಟ್ಟ ನೋಟುಗಳನ್ನು ನೋಡಿದಾಗ ನಿಜಕ್ಕೂ ಸಂಕಟವಾಗುತ್ತದೆ.

ಯಾಕೆ ಹೀಗೆ ಮಾಡುತ್ತಾರೆ? ಬೆಲೆ ನಿಂತಿರುವುದು ಸ್ಥಿತಿಯ ಮೇಲೆ. ಮಡಿಕೆಯೇ ಇಲ್ಲದ 'ಯುಎನ್‌ಸಿ' (ಅನ್‌ಸರ್ಕ್ಯುಲೇಟೆಡ್, ಅಂದರೆ ಚಲಾವಣೆಗೇ ಹೋಗದ) ನೋಟಿಗೂ ಓಡಾಡಿದ ನೋಟಿಗೂ ಹಲವು ಪಟ್ಟು ವ್ಯತ್ಯಾಸ. ಅದಕ್ಕೇ ತೊಳೆಯುತ್ತಾರೆ, ಗಂಜಿ ಹಾಕುತ್ತಾರೆ, ಇಸ್ತ್ರಿ ಹೊಡೆಯುತ್ತಾರೆ. ಕಂಡುಹಿಡಿಯುವುದು ಕಷ್ಟವಲ್ಲ. ಕೋಣೆ ಕತ್ತಲು ಮಾಡಿ, ನೋಟನ್ನು ಮೇಜಿನ ಮೇಲಿಟ್ಟು, ಟಾರ್ಚ್ ಬೆಳಕನ್ನು ಪಕ್ಕದಿಂದ ಅಡ್ಡಡ್ಡ ಬಿಡಿ. ಮಡಿಕೆ ಚಪ್ಪಟೆಯಾಗಿದ್ದರೂ ಅಲ್ಲಿ ಮುರಿದ ನಾರು ಸಣ್ಣ ಗೆರೆಯಾಗಿ ಕಾಣುತ್ತದೆ. ಇಸ್ತ್ರಿ ಬಿದ್ದ ನೋಟಿನಲ್ಲಿ ಅಚ್ಚಿನ ಉಬ್ಬು ಬೆರಳಿಗೆ ಹತ್ತುವುದಿಲ್ಲ, ಮೈಯೆಲ್ಲ ಒಂದೇ ಸಮ ನುಣುಪು. ಆಮೇಲೆ ಯುವಿ ಲೈಟ್ ಹಿಡಿಯಿರಿ. ಹಳೇ ಬಟ್ಟೆನಾರಿನ ಕಾಗದ ಮಂಕಾಗಿಯೇ ಇರಬೇಕು. ನೀಲಿ ಬಿಳುಪಾಗಿ ಹೊಳೆದರೆ ಸೋಪಿನ ಪುಡಿ ತಾಗಿದೆ, ಅಥವಾ ಕಾಗದವೇ ಹೊಸದು. ಕೊನೆಗೆ ಬೆಳಕಿಗೆ ಎತ್ತಿ ಹಿಡಿದು ಪಿನ್ನಿನ ತೂತು ಹುಡುಕಿ. ನಮ್ಮಲ್ಲಿ ನೋಟಿನ ಕಟ್ಟಿಗೆ ಪಿನ್ನು ಚುಚ್ಚುವ ರೂಢಿ ಇತ್ತು, ಓಡಾಡಿದ ನೋಟಿಗೆ ತೂತು ಇರುವುದೇ ಸಹಜ. ಅಲ್ಲಿ ಸಣ್ಣ ಕಪ್ಪು ಚುಕ್ಕೆ ಕಂಡರೆ ಯಾರೋ ಕಾಗದದ ತಿರುಳು ತುಂಬಿ ಮುಚ್ಚಿದ್ದಾರೆ.

ಆರನೇ ಜಾರ್ಜ್ ರಾಜನ ಚಿತ್ರವಿರುವ ನೋಟುಗಳಿಗೆ ವಾಟರ್‌ಮಾರ್ಕ್, ಅಂದರೆ ಬೆಳಕಿಗೆ ಹಿಡಿದಾಗ ಕಾಗದದೊಳಗೆ ಕಾಣುವ ಚಿತ್ರ, ನೋಡಲೇಬೇಕು. ರಿಸರ್ವ್ ಬ್ಯಾಂಕ್ ಈ ರಾಜನ ಚಿತ್ರದ ತನ್ನ ಮೊದಲ ನೋಟು ತಂದಿದ್ದು 1938ರ ಜನವರಿಯಲ್ಲಿ, ಗವರ್ನರ್ ಜೆ.ಬಿ. ಟೇಲರ್ ಸಹಿಯೊಂದಿಗೆ. ಎರಡನೇ ಮಹಾಯುದ್ಧದಲ್ಲಿ ಜಪಾನಿನವರು ಒಳ್ಳೇ ಗುಣಮಟ್ಟದ ನಕಲಿ ಹತ್ತರ ನೋಟು ತಂದರು. ಆಮೇಲೆ ವಾಟರ್‌ಮಾರ್ಕ್ ಬದಲಾಯಿತು, ನೋಟಿನ ಮುಂಬದಿಯಲ್ಲಿ ಪಕ್ಕಕ್ಕೆ ತಿರುಗಿದ್ದ ರಾಜನ ಮುಖ ಎದುರಿಗೆ ತಿರುಗಿತು, ಭದ್ರತಾ ದಾರವೂ ಮೊದಲ ಸಲ ಬಂತು. ನೋಟನ್ನು ನೆನೆಸಿ ಒತ್ತಿದರೆ ಇದೇ ವಾಟರ್‌ಮಾರ್ಕ್ ಸಪ್ಪೆಯಾಗುತ್ತದೆ.

ಕಲೆಯೇ ಬೆಲೆ ತಂದ ಉದಾಹರಣೆಯೂ ಇದೆ. ಕಲಬುರಗಿ, ರಾಯಚೂರು, ಬೀದರಿನಲ್ಲಿ ಓಡುತ್ತಿದ್ದ ಹೈದರಾಬಾದ್ ನಿಜಾಮರ ನೋಟುಗಳು ಇಂಗ್ಲೆಂಡಿನಲ್ಲಿ ಅಚ್ಚಾಗುತ್ತಿದ್ದವು. 1922ರ ಮೇ ತಿಂಗಳಲ್ಲಿ ಅಂಥ ನೋಟುಗಳನ್ನು ಹೊತ್ತ 'ಈಜಿಪ್ಟ್' ಹಡಗು ಫ್ರಾನ್ಸಿನ ಕರಾವಳಿ ಬಳಿ ಡಿಕ್ಕಿಯಾಗಿ ಮುಳುಗಿತು. ಸುಮಾರು ಹತ್ತು ವರ್ಷದ ಮೇಲೆ ಇಟಲಿಯ ಮುಳುಗುಗಾರರು ಹಡಗಿನಲ್ಲಿದ್ದ ಚಿನ್ನವನ್ನು ಎತ್ತುವಾಗ ನೋಟುಗಳೂ ಮೇಲೆ ಬಂದವು. ಸಮುದ್ರದ ನೀರು ಕುಡಿದ ಆ ನೋಟುಗಳನ್ನು ಸಂಗ್ರಹಕಾರರು ಇವತ್ತು ಹುಡುಕಿಕೊಂಡು ಕೊಳ್ಳುತ್ತಾರೆ. ಅವನ್ನು ಬೆಳ್ಳಗೆ ತೊಳೆದರೆ ಏನು ಉಳಿಯುತ್ತದೆ ಹೇಳಿ?

ಇಡುವ ವಿಧಾನ ಸುಲಭ. ಪಾಲಿಯೆಸ್ಟರ್ ಹಾಳೆಯ ಕವರ್ ಬಳಸಿ. ವಾಸನೆ ಬರುವ ಮೆತ್ತನೆ ಪಿವಿಸಿ ಕವರ್ ಬೇಡ, ಅದು ಕೆಲವು ವರ್ಷದಲ್ಲಿ ಅಂಟಂಟಾಗಿ ಶಾಯಿಯನ್ನೇ ಎಳೆದುಕೊಳ್ಳುತ್ತದೆ. ಲ್ಯಾಮಿನೇಷನ್ ಅಂತೂ ಮಾಡಿಸಲೇಬೇಡಿ. ಕರಾವಳಿಯಲ್ಲಿ ಇರುವವರು ಮಳೆಗಾಲದಲ್ಲಿ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ, ಮಳೆ ಮುಗಿದ ಮೇಲೆ ಒಂದು ಸಲ ತೆಗೆದು ಬೂಸಲು ಹಿಡಿದಿದೆಯಾ ನೋಡಿ. ತಾತನ ಕಾಲದ ನೋಟಿಗೆ ಯಾರಾದರೂ ಸೆಲ್ಲೋಟೇಪ್ ಹಚ್ಚಿದ್ದರೆ ಕೀಳಲು ಹೋಗಬೇಡಿ, ಅದರ ಜತೆ ಅಚ್ಚೂ ಎದ್ದು ಬರುತ್ತದೆ. ಹಾಗೇ ಕವರಿನಲ್ಲಿಟ್ಟು ಕಾಗದ ಸಂರಕ್ಷಣೆ ಗೊತ್ತಿರುವವರ ಹತ್ತಿರ ತನ್ನಿ. ನಾವು ಕೈಹಾಕುವ ಕೆಲವೇ ಕೆಲಸಗಳಲ್ಲಿ ಅದೂ ಒಂದು.